ಸ್ಪೇಸ್‌ಬಾರ್ ಗಲಗಲ ಅಂತಿದ್ರೆ ಮೊದಲು ತಂತಿ ನೋಡಿ

ಮೆಕ್ಯಾನಿಕಲ್ ಕೀಬೋರ್ಡಲ್ಲಿ (ಪ್ರತಿ ಕೀಗೂ ಕೆಳಗೆ ಅದರದ್ದೇ ಸ್ವಿಚ್ ಇರುವಂಥದ್ದು) ಬರೀ ಸ್ಪೇಸ್‌ಬಾರ್ ಮಾತ್ರ ಸದ್ದು ಮಾಡ್ತಿದ್ರೆ ಸುಮ್ನೆ ಸ್ವಿಚ್ ಬದಲಿಸಬೇಡಿ. ಅಷ್ಟುದ್ದದ ಕೀ ಕೆಳಗೆ ಇರುವುದು ನಡುವೆ ಒಂದೇ ಸ್ವಿಚ್. ತುದಿ ಒತ್ತಿದರೆ ಅದು ವಾಲಬೇಕು, ಅಲ್ವಾ? ವಾಲದಂತೆ ತಡೆಯುವುದೇ ಸ್ಟೆಬಿಲೈಸರ್: ಎರಡೂ ಬದಿಗೆ ಒಂದೊಂದು ಸ್ಟೆಮ್ (ಕೀ ಜತೆ ಮೇಲೆ ಕೆಳಗೆ ಜಾರುವ ಪ್ಲಾಸ್ಟಿಕ್ ತುಂಡು), ಅವೆರಡನ್ನೂ ಜೋಡಿಸುವ ಒಂದು ಉಕ್ಕಿನ ತಂತಿ. ಒಂದು ಬದಿ ಕೆಳಗಿಳಿದರೆ ತಂತಿ ತಿರುಗಿ ಇನ್ನೊಂದು ಬದಿಯನ್ನೂ ಎಳೆಯುತ್ತದೆ.

ಗಲಗಲ ಬರುವುದು ಹೆಚ್ಚಾಗಿ ತಂತಿಯ ತುದಿ ಸ್ಟೆಮ್ ಒಳಗೆ ಸಡಿಲವಾಗಿ ಬಡಿಯುವುದರಿಂದ. ಕೀಕ್ಯಾಪನ್ನು, ಅಂದರೆ ಕೀ ಮೇಲಿನ ಮುಚ್ಚಳವನ್ನು, ಎರಡೂ ಕಡೆಯಿಂದ ನೇರವಾಗಿ ಮೇಲಕ್ಕೆತ್ತಿ, ತಂತಿಯ ತುದಿಗೆ ಡೈಎಲೆಕ್ಟ್ರಿಕ್ ಗ್ರೀಸ್ (ವಿದ್ಯುತ್ ಹರಿಸದ ಗ್ರೀಸ್) ಹಚ್ಚಿ. ಇಲ್ಲಿ ಸ್ವಲ್ಪ ಧಾರಾಳವಾಗಿದ್ದರೂ ಪರವಾಗಿಲ್ಲ, ಆದರೆ ಸ್ಟೆಮ್ ಜಾರುವ ಗೋಡೆಗೆ ತೆಳುವಾಗಿಯೇ ಇರಲಿ, ಜಾಸ್ತಿಯಾದರೆ ಕೀ ಮೇಲೇಳಲು ಸೋಮಾರಿಯಾಗುತ್ತದೆ. ಡಬ್ಲ್ಯೂಡಿ-40 ಬೇಡವೇ ಬೇಡ, ಅದು ಇಲ್ಲಿ ನಿಲ್ಲುವ ಗ್ರೀಸ್ ಅಲ್ಲ.

ಆಮೇಲೂ ಒಂದೇ ಕಡೆ ಟಿಕ್ ಟಿಕ್ ಅಂದರೆ ತಂತಿ ಸೊಟ್ಟಗಿರಬಹುದು. ಬಿಚ್ಚಿ ಗಾಜಿನ ಮೇಲಿಡಿ. ಒಂದು ತುದಿ ಎದ್ದು ನಿಂತರೆ ಕೈಯಲ್ಲೇ ನಿಧಾನ ಬಗ್ಗಿಸಿ ಸಮ ಮಾಡಿ. ನನ್ನ ಕೇಳಿದರೆ ಗ್ರೀಸಿಗಿಂತ ಈ ಕೆಲಸವೇ ಮುಖ್ಯ.