ಹಗಲಲ್ಲೇ ಊರಿಗೆ: ಎರಡು ವಂದೇ ಭಾರತ್ ಹಿಡಿದು ಮುಂಬಯಿಯಿಂದ ಉಡುಪಿಗೆ

ಮುಂಬಯಿಯಲ್ಲಿರುವ ನಮ್ಮ ಕರಾವಳಿಯವರಿಗೆ ಕೊಂಕಣ ರೈಲು ಅಂದರೆ ರಾತ್ರಿ ಪ್ರಯಾಣ. ಮಧ್ಯಾಹ್ನ ಕುರ್ಲಾ ಟರ್ಮಿನಸ್‌ನಲ್ಲಿ ಮತ್ಸ್ಯಗಂಧ ಹತ್ತುವುದು, ಕತ್ತಲಾದ ಮೇಲೆ ಕಟ್ಟಿಕೊಂಡು ಹೋದ ಚಪಾತಿ ತಿನ್ನುವುದು, ಮಲಗುವುದು. ಕಣ್ಣು ಬಿಡುವಾಗ ಕುಂದಾಪುರವೋ ಉಡುಪಿಯೋ ಬಂದಿರುತ್ತದೆ. 1998ರಿಂದ ಇದೇ ಅಭ್ಯಾಸ. ಡೊಂಬಿವಿಲಿಯಲ್ಲಿರುವ ನನ್ನ ಅತ್ತೆಗೆ ಈಗ 76. ಈ ದಾರಿಯಲ್ಲಿ ಎಷ್ಟು ಸಲ ಹೋಗಿ ಬಂದಿದ್ದಾರೋ ಅವರಿಗೇ ಲೆಕ್ಕ ಇಲ್ಲ. ಆದರೆ ಮಾಂಡೋವಿ ನದಿಯನ್ನು ರೈಲಿನಿಂದ ಹಗಲಲ್ಲಿ ನೋಡಿದ್ದು ಅವರು ಮೊನ್ನೆ ಮೊದಲ ಸಲ.

ನೋಡಿದ್ದು ವಂದೇ ಭಾರತ್‌ನಲ್ಲಿ. ಮುಂಬಯಿಯಿಂದ ಉಡುಪಿಗೆ ನೇರ ವಂದೇ ಭಾರತ್ ಇಲ್ಲ. ಆದರೆ ಗೋವಾದ ಮಡಗಾಂವ್‌ನಲ್ಲಿ ಎರಡು ರೈಲು ಜೋಡಿಸಿಕೊಂಡರೆ ಒಂದೇ ದಿನದಲ್ಲಿ ಊರು ಮುಟ್ಟಬಹುದು. ಹೇಗೆ ಅಂತ ಬಹಳ ಜನ ಕೇಳಿದ್ದರಿಂದ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು ಒಂದು ಮಾತು

ಬೇಗ ಮುಟ್ಟಬೇಕು ಅನ್ನುವವರಿಗೆ ಇದು ದಾರಿ ಅಲ್ಲ. ಈ ರೈಲನ್ನು ಗಂಟೆಗೆ 160 ಕಿ.ಮೀ. ಓಡಲೆಂದು ಕಟ್ಟಿದ್ದಾರೆ, ನಿಜ. ಆದರೆ ಕೊಂಕಣದ ಹಳಿ ಗುಡ್ಡ, ಸುರಂಗ, ಸೇತುವೆಗಳ ಹಳಿ. ಅಲ್ಲಿ ಅಷ್ಟು ಓಡಿಸುವುದಿಲ್ಲ. ಬೆಳಗ್ಗೆ 5.25ಕ್ಕೆ ಮುಂಬಯಿಯ ಸಿಎಸ್‌ಎಂಟಿ ಬಿಟ್ಟರೆ ಉಡುಪಿ ಸೇರುವಾಗ ರಾತ್ರಿ 9 ಗಂಟೆ ದಾಟುತ್ತದೆ. ಅದರಲ್ಲಿ ಐದು ಗಂಟೆ ಮಡಗಾಂವ್‌ನಲ್ಲಿ ಕಾಯಬೇಕು. ಮತ್ಸ್ಯಗಂಧ ಇದಕ್ಕಿಂತ ಬೇಗ ಮುಟ್ಟಿಸುತ್ತದೆ.

ಹಾಗಾದರೆ ಯಾಕೆ ಹೋಗಬೇಕು? ಮೇಲಿನ ಬರ್ತ್ ಹತ್ತಲಾಗದ ಹಿರಿಯರು ಇದ್ದಾರೆ, ರಾತ್ರಿ ರೈಲಿನಲ್ಲಿ ನಿದ್ದೆಯೇ ಬಾರದವರಿದ್ದಾರೆ, ಊರಿನ ದಾರಿ ಹೇಗಿದೆ ಅಂತ ಒಮ್ಮೆಯೂ ನೋಡದ ಮಕ್ಕಳಿದ್ದಾರೆ. ಅವರಿಗಾಗಿ. ಹೋಗುವಾಗ ಕಾಯುವಿಕೆ ಜಾಸ್ತಿ ಅನ್ನಿಸಿದರೆ ರಾತ್ರಿ ರೈಲಿನಲ್ಲಿ ಹೋಗಿ, ಬರುವಾಗ ಮಾತ್ರ ಹೀಗೆ ಬನ್ನಿ. ಬರುವಾಗಿನ ಜೋಡಣೆ ತುಂಬಾ ಚೆನ್ನಾಗಿದೆ. ಅದನ್ನು ಆಮೇಲೆ ಹೇಳುತ್ತೇನೆ.

ಧಾರವಾಡ, ಬೆಳಗಾವಿ ಕಡೆಯವರಿಗೆ ಈ ದಾರಿ ಬೇಡ. ಅವರಿಗೆ ಪುಣೆ–ಹುಬ್ಬಳ್ಳಿ ವಂದೇ ಭಾರತ್ ಇದೆ. 2024ರ ಸೆಪ್ಟೆಂಬರ್‌ನಲ್ಲಿ ಶುರುವಾಯಿತು. ವಾರಕ್ಕೆ ಮೂರು ದಿನ, ಪುಣೆಯಿಂದ ಮಧ್ಯಾಹ್ನ 2.15ಕ್ಕೆ.

ದಿನ ನೋಡಿಕೊಳ್ಳಿ

ಹೆಚ್ಚಿನವರು ಎಡವುವುದು ಇಲ್ಲೇ. ಮುಂಬಯಿ–ಮಡಗಾಂವ್ ವಂದೇ ಭಾರತ್ 2023ರ ಜೂನ್‌ನಲ್ಲಿ ಬಂತು. ಅದು ಶುಕ್ರವಾರ ಇಲ್ಲ. ಮಂಗಳೂರು–ಮಡಗಾಂವ್ ವಂದೇ ಭಾರತ್ ಅದೇ ವರ್ಷ ಡಿಸೆಂಬರ್ ಕೊನೆಗೆ ಬಂತು. ಅದು ಗುರುವಾರ ಇಲ್ಲ. ಅಂದರೆ ಗುರುವಾರ, ಶುಕ್ರವಾರ ಎರಡೂ ದಿನ ಜೋಡಣೆ ಸಿಗುವುದಿಲ್ಲ. ಶನಿವಾರ ಹೊರಡುವುದು ಒಳ್ಳೆಯದು.

ಮಳೆಗಾಲದ ಲೆಕ್ಕವೇ ಬೇರೆ. ಜೂನ್‌ನಿಂದ ಅಕ್ಟೋಬರ್‌ವರೆಗೆ ಕೊಂಕಣ ರೈಲ್ವೆಯಲ್ಲಿ ಮಳೆಗಾಲದ ವೇಳಾಪಟ್ಟಿ ಇರುತ್ತದೆ. ಗುಡ್ಡ ಜರಿಯುವ ಭಯಕ್ಕೆ ವೇಗ ತಗ್ಗಿಸುತ್ತಾರೆ. ಮುಂಬಯಿ–ಮಡಗಾಂವ್ ರೈಲು ಆಗ ವಾರಕ್ಕೆ ಮೂರೇ ದಿನ ಓಡುತ್ತದೆ. ಮಡಗಾಂವ್ ತಲುಪುವಾಗ ಮೂರೂವರೆ ಆಗುತ್ತದೆ. ಹೋಗುವವರಿಗೆ ಇದರಿಂದ ತೊಂದರೆ ಇಲ್ಲ, ಕಾಯುವುದು ಕಡಿಮೆಯಾಗುತ್ತದೆ ಅಷ್ಟೆ. ಬರುವವರಿಗೆ ಮಾತ್ರ ಜೋಡಣೆ ಮುರಿದುಹೋಗುತ್ತದೆ. ಮಂಗಳೂರಿನ ರೈಲು ಮಡಗಾಂವ್ ಮುಟ್ಟುವ ಮೊದಲೇ ಮುಂಬಯಿ ರೈಲು ಹೊರಟಿರುತ್ತದೆ. ಹಾಗಾಗಿ ಚೌತಿಗೆ ಹೋಗುವವರು ವಾಪಸು ಟಿಕೆಟ್ ತೆಗೆಯುವ ಮೊದಲು ವೇಳಾಪಟ್ಟಿಯನ್ನು ಎರಡು ಸಲ ನೋಡಿ.

ಟಿಕೆಟ್ ತೆಗೆಯುವುದು

ಬುಕಿಂಗ್ 60 ದಿನ ಮೊದಲು, ಬೆಳಗ್ಗೆ 8ಕ್ಕೆ ತೆರೆಯುತ್ತದೆ. ಮೊದಲು 120 ದಿನ ಇತ್ತು, 2024ರ ನವೆಂಬರ್‌ನಿಂದ ಕಡಿಮೆ ಮಾಡಿದರು. ಐಆರ್‌ಸಿಟಿಸಿ ಖಾತೆಗೆ ಆಧಾರ್ ಜೋಡಿಸಿಲ್ಲದಿದ್ದರೆ ಇವತ್ತೇ ಜೋಡಿಸಿ. ತತ್ಕಾಲ್‌ಗೆ ಈಗ ಅದು ಬೇಕೇ ಬೇಕು.

ಎರಡು ಟಿಕೆಟ್ ಬೇರೆ ಬೇರೆ ತೆಗೆಯಬೇಕು. ಒಂದು ಮಡಗಾಂವ್‌ವರೆಗೆ, ಇನ್ನೊಂದು ಮಡಗಾಂವ್‌ನಿಂದ ಉಡುಪಿಗೆ. ಆಮೇಲೆ ಎರಡೂ ಪಿಎನ್‌ಆರ್‌ಗಳನ್ನು ಐಆರ್‌ಸಿಟಿಸಿಯಲ್ಲೇ ಒಂದಕ್ಕೊಂದು ಜೋಡಿಸಬಹುದು. 2019ರಿಂದ ಈ ಸೌಲಭ್ಯ ಇದೆ, ಬಳಸುವವರು ಕಡಿಮೆ. ಜೋಡಿಸಿದರೆ ಲಾಭ ಏನು? ಮೊದಲ ರೈಲು ತಡವಾಗಿ ಎರಡನೆಯದು ತಪ್ಪಿದರೆ ಆ ಟಿಕೆಟ್‌ನ ಹಣ ವಾಪಸು ಕೇಳಬಹುದು. ಆದರೆ ಮೊದಲ ರೈಲು ಮುಟ್ಟಿದ ಮೂರು ಗಂಟೆಯೊಳಗೆ ಅರ್ಜಿ ಹಾಕಬೇಕು.

ಇದಕ್ಕೆ ಎರಡೂ ಟಿಕೆಟ್‌ನಲ್ಲಿ ಹೆಸರು ಒಂದೇ ರೀತಿ ಇರಬೇಕು. ನಮಗೆ ತೊಡಕಾದದ್ದು ಅಲ್ಲೇ. ಅತ್ತೆ ಮನೆ ಹತ್ತಿರದ ಏಜೆಂಟ್ ಬಳಿ ಒಂದು ಟಿಕೆಟ್ ಮಾಡಿಸಿದ್ದರು, ಇನ್ನೊಂದನ್ನು ನಾನು ತೆಗೆದೆ. ಅವನು ಅತ್ತೆಯ ಹೆಸರಿನ ಹಿಂದೆ ಇನಿಶಿಯಲ್ ಹಾಕಿದ್ದ, ನಾನು ಪೂರ್ತಿ ಹೆಸರು ಬರೆದಿದ್ದೆ. ಪಿಎನ್‌ಆರ್ ಜೋಡಣೆ ಆಗಲೇ ಇಲ್ಲ. ಹಾಗಾಗಿ ಎರಡೂ ಟಿಕೆಟ್ ಒಬ್ಬರೇ ತೆಗೆಯಿರಿ, ಹೆಸರನ್ನು ಆಧಾರ್ ಕಾರ್ಡ್ ನೋಡಿಕೊಂಡು ಬರೆಯಿರಿ.

ಬುಕ್ ಮಾಡುವಾಗ ಊಟ ಬೇಕೋ ಬೇಡವೋ ಅಂತ ಕೇಳುತ್ತದೆ. ಬೇಡ ಅಂದರೆ ದರ ಇಳಿಯುತ್ತದೆ. ಹಿರಿಯರಿಗೆ ರಿಯಾಯಿತಿ ಇಲ್ಲ, ಅದು 2020ರಲ್ಲೇ ನಿಂತಿತು. ಚೇರ್ ಕಾರ್‌ನಲ್ಲಿ ಒಂದು ಕಡೆ ಮೂರು, ಇನ್ನೊಂದು ಕಡೆ ಎರಡು ಸೀಟು. ಎಕ್ಸಿಕ್ಯುಟಿವ್‌ನಲ್ಲಿ ಎರಡು-ಎರಡು, ಸೀಟನ್ನು ಕಿಟಕಿ ಕಡೆಗೆ ತಿರುಗಿಸಿಕೊಳ್ಳಬಹುದು. ದುಡ್ಡು ಜಾಸ್ತಿ. ಮೊಣಕಾಲು ನೋವಿದ್ದರೆ ಮಾತ್ರ ಎಕ್ಸಿಕ್ಯುಟಿವ್ ತೆಗೆಯಿರಿ. ಉಳಿದವರಿಗೆ ಚೇರ್ ಕಾರ್ ಧಾರಾಳ ಸಾಕು.

ಎಲ್ಲಿ ಹತ್ತಬೇಕು

ಎಲ್ಲರೂ ಸಿಎಸ್‌ಎಂಟಿಗೇ ಓಡಬೇಕಿಲ್ಲ. ರೈಲು ದಾದರ್, ಠಾಣೆ, ಪನ್ವೇಲ್‌ನಲ್ಲೂ ನಿಲ್ಲುತ್ತದೆ. ಅಂಧೇರಿ, ಬೊರಿವಿಲಿ ಕಡೆಯವರಿಗೆ ದಾದರ್ ಸುಲಭ. ಡೊಂಬಿವಿಲಿ, ಕಲ್ಯಾಣ್‌ನವರಿಗೆ ಠಾಣೆ. ನವಿ ಮುಂಬಯಿಯವರಿಗೆ ಪನ್ವೇಲ್. ಆದರೆ ಟಿಕೆಟ್‌ನಲ್ಲಿ ಹತ್ತುವ ಸ್ಟೇಶನ್ ಅದೇ ಇರಬೇಕು. ಸಿಎಸ್‌ಎಂಟಿ ಟಿಕೆಟ್ ಇಟ್ಟುಕೊಂಡು ಸುಮ್ನೆ ಠಾಣೆಯಲ್ಲಿ ಹತ್ತಿದರೆ ನಿಮ್ಮ ಸೀಟು ಬೇರೆಯವರಿಗೆ ಹೋಗಿರಬಹುದು.

ಇನ್ನು ಬಾಗಿಲು. ಇದನ್ನು ಮನೆಮಂದಿಗೆಲ್ಲ ಓದಿ ಹೇಳಿ. ನಮ್ಮವರಿಗೆ ಬಿಡಲು ಬಂದವರೂ ಒಳಗೆ ಹತ್ತಿ, ಚೀಲ ಮೇಲಿಟ್ಟು, ಸೀಟಿನ ಪಕ್ಕ ಕೂತು ಮಾತಾಡುವ ರೂಢಿ. ವಂದೇ ಭಾರತ್‌ನಲ್ಲಿ ಅದು ಸಾಧ್ಯವಿಲ್ಲ. ಬಾಗಿಲು ತನ್ನಿಂದ ತಾನೇ ಮುಚ್ಚುತ್ತದೆ, ಮುಚ್ಚಿದ ಮೇಲೆಯೇ ರೈಲು ಹೊರಡುತ್ತದೆ. ಓಡಿ ಬಂದು ಹತ್ತಲೂ ಆಗದು, ಹಾರಿ ಇಳಿಯಲೂ ಆಗದು. ಠಾಣೆಯಲ್ಲಿ ಒಬ್ಬ ಹುಡುಗ ತಾಯಿಯ ಚೀಲ ಒಳಗಿಟ್ಟು ತಿರುಗುವಷ್ಟರಲ್ಲಿ ಬಾಗಿಲು ಮುಚ್ಚಿಕೊಂಡಿತು. ಕೆಲಸಕ್ಕೆ ಹೊರಟ ಬಟ್ಟೆಯಲ್ಲೇ ಅವನು ಪನ್ವೇಲ್‌ವರೆಗೆ ನಿಂತು ಬಂದ. ಪಾಪ, ತಾಯಿ ದಾರಿಯುದ್ದಕ್ಕೂ ಅವನ ಕೈ ಬಿಡಲಿಲ್ಲ. ಆದ್ದರಿಂದ ಟಾಟಾ ಮಾಡುವುದು ಪ್ಲಾಟ್‌ಫಾರ್ಮ್‌ನಲ್ಲೇ ಆಗಲಿ. ನಿಮ್ಮ ಕೋಚ್ ಎಲ್ಲಿ ನಿಲ್ಲುತ್ತದೆ ಅಂತ ಬೋರ್ಡ್ ನೋಡಿ ಮೊದಲೇ ಅಲ್ಲಿ ನಿಂತಿರಿ.

ಸಾಮಾನು ಕಡಿಮೆ ಇರಲಿ. ಮಲಗುವ ಬರ್ತ್ ಇಲ್ಲ, ಹಾಗಾಗಿ ಅಡಿಯಲ್ಲಿ ಪೆಟ್ಟಿಗೆ ತುರುಕುವ ಜಾಗವೂ ಇಲ್ಲ. ಮೇಲಿನ ಹಲಗೆಯೇ ಗತಿ. ಒಬ್ಬರೇ ಎತ್ತಿ ಇಡಬಲ್ಲ ಚೀಲ ಎರಡು, ಅಷ್ಟೇ.

ಕಿಟಕಿಯಲ್ಲಿ ಏನೇನು

ರೋಹಾ ದಾಟಿದ ಮೇಲೆ ಕೊಂಕಣ ರೈಲ್ವೆ ಶುರು. ಅಲ್ಲಿಂದ ಮಂಗಳೂರಿನ ಹತ್ತಿರದ ತೋಕೂರಿನವರೆಗೆ 741 ಕಿ.ಮೀ. ಇ. ಶ್ರೀಧರನ್ ಅವರ ಮುಂದಾಳತ್ವದಲ್ಲಿ ಕಟ್ಟಿದ ಹಳಿ. ಕೊಂಕಣ ರೈಲು ಅಂದರೆ ಸಮುದ್ರ ಕಾಣುತ್ತದೆ ಅಂದುಕೊಂಡವರಿಗೆ ಬೇಸರವಾಗಬಹುದು. ಹಳಿ ಒಳಗಡೆ ಇದೆ. ಆದರೆ ದಕ್ಷಿಣಕ್ಕೆ ಹೋಗುವಾಗ ಎಡಗಡೆ ಕೂತರೆ ಸಹ್ಯಾದ್ರಿ ನಿಮ್ಮ ಜೊತೆಗೇ ಬರುತ್ತದೆ. ಬೆಳಗಿನ ಬಿಸಿಲು ಕಣ್ಣಿಗೆ ಹೊಡೆದರೆ ಪರದೆ ಎಳೆದುಕೊಳ್ಳಿ.

ಚಿಪ್ಳೂಣ್‌ನಲ್ಲಿ ವಾಶಿಷ್ಠಿ ನದಿ. ರತ್ನಾಗಿರಿಗೆ ಮೊದಲು ಕರ್ಬುಡೆ ಸುರಂಗ, ಆರೂವರೆ ಕಿ.ಮೀ. ಉದ್ದ. ನಾಲ್ಕೈದು ನಿಮಿಷ ಫೋನ್ ಸತ್ತಂತೆ. ರತ್ನಾಗಿರಿ ಬಿಟ್ಟ ಸ್ವಲ್ಪ ಹೊತ್ತಿಗೆ ಪಾನ್ವಲ್ ಸೇತುವೆ ಬರುತ್ತದೆ. ಸುಮಾರು 64 ಮೀಟರ್ ಎತ್ತರ. ಕೆಳಗೆ ತೆಂಗಿನ ಮರದ ತಲೆಗಳು ಮೇಲಿನಿಂದ ಕಾಣುತ್ತವೆ, ಬಿಡಿಸಿಟ್ಟ ಕೊಡೆಗಳ ಹಾಗೆ. ಅತ್ತೆ ಆ ಹೊತ್ತಿಗೆ ಟಿಫಿನ್ ಡಬ್ಬಿ ತೆರೆದಿದ್ದರು. ಮುಚ್ಚಳ ಒಂದು ಕೈಯಲ್ಲಿ, ಇಡ್ಲಿ ಇನ್ನೊಂದು ಕೈಯಲ್ಲಿ. ತಿನ್ನುವುದು ಮರೆತು ಹಣೆಯನ್ನು ಗಾಜಿಗೆ ಒತ್ತಿಕೊಂಡು ಕೂತಿದ್ದರು. "ಇಷ್ಟು ವರ್ಷ ಇದರ ಮೇಲೆಯೇ ಮಲಗಿಕೊಂಡು ಹೋದದ್ದಾ ಮಾರಾಯಾ ನಾವು?" ಅಂದರು.

ಗೋವಾದೊಳಗೆ ಮಾಂಡೋವಿ, ಆಮೇಲೆ ಜುವಾರಿ. ಎರಡಕ್ಕೂ ಎದ್ದು ಬಾಗಿಲ ಹತ್ತಿರದ ಗಾಜಿಗೆ ಹೋದರೆ ಎರಡೂ ಕಡೆ ಕಾಣುತ್ತದೆ.

ಮಡಗಾಂವ್‌ನ ಐದು ಗಂಟೆ

ರೈಲು 1.10ಕ್ಕೆ ಮುಟ್ಟುತ್ತದೆ. ಮುಂದಿನದು ಸಂಜೆ 6.10ಕ್ಕೆ. ಸ್ಟೇಶನ್ನಿನಲ್ಲೇ ಕೂತರೆ ಸುಸ್ತಾಗುತ್ತದೆ. ಸಾಮಾನನ್ನು ಕ್ಲೋಕ್ ರೂಮಿನಲ್ಲಿಡಿ. ಬೀಗ ಹಾಕಿದ ಚೀಲ ಮಾತ್ರ ತೆಗೆದುಕೊಳ್ಳುತ್ತಾರೆ, ಸಣ್ಣ ಬೀಗ ಮನೆಯಿಂದಲೇ ತನ್ನಿ. ಮಲಗಬೇಕು ಅನ್ನುವ ಹಿರಿಯರಿಗೆ ರಿಟೈರಿಂಗ್ ರೂಮ್ ಇದೆ, ಪಿಎನ್‌ಆರ್ ಹಾಕಿ ಐಆರ್‌ಸಿಟಿಸಿಯಲ್ಲೇ ಕಾದಿರಿಸಬಹುದು. ಮೊದಲೇ ಮಾಡಿ, ಕೋಣೆಗಳು ಕಡಿಮೆ.

ನಡೆಯಲಾಗುವವರು ಪೇಟೆಗೆ ಹೋಗಿ ಮೀನಿನ ಊಟ ಮಾಡಿ ಬನ್ನಿ. ಕೋಲ್ವಾ ಕಡಲತೀರ ಆರೇಳು ಕಿ.ಮೀ. ಅಷ್ಟೆ. ಭಾಷೆಯ ಚಿಂತೆ ಬೇಡ. ಮಡಗಾಂವ್ ಪೇಟೆಯಲ್ಲಿ ಗದಗ, ಹಾವೇರಿ, ವಿಜಯಪುರ ಕಡೆಯ ಎಷ್ಟೋ ಜನ ದುಡಿಯುತ್ತಿದ್ದಾರೆ. ನಾವಿಬ್ಬರು ಮಾತಾಡುವುದು ಕೇಳಿ ತರಕಾರಿ ಮಾರುವ ಹೆಂಗಸೊಬ್ಬರು "ಎಲ್ಲಿಂದ ಬಂದೀರಿ ಅವ್ವಾ, ಕುಂದ್ರ ಬರ್ರಿ" ಅಂತ ಅತ್ತೆಗೆ ಸ್ಟೂಲ್ ಕೊಟ್ಟರು. ಐದೂವರೆಗೆ ಸ್ಟೇಶನ್ನಿಗೆ ವಾಪಸಾಗಿ. ರೈಲು ಎಲ್ಲಿದೆ ಅಂತ 139ಕ್ಕೆ ಫೋನ್ ಮಾಡಿದರೆ ಗೊತ್ತಾಗುತ್ತದೆ.

ಊರು ಮುಟ್ಟುವುದು

ಎರಡನೇ ರೈಲು ನಡುವೆ ನಿಲ್ಲುವುದು ಕಾರವಾರ, ಉಡುಪಿ ಎರಡೇ ಕಡೆ. ಕುಮಟಾ, ಭಟ್ಕಳ, ಬೈಂದೂರು, ಕುಂದಾಪುರದಲ್ಲಿ ನಿಲ್ಲುವುದಿಲ್ಲ. ಕುಂದಾಪುರದವರು ಉಡುಪಿಯಲ್ಲಿ ಇಳಿದು ಹಿಂದೆ ಬರಬೇಕು. ರಾತ್ರಿ ಒಂಬತ್ತರ ಮೇಲೆ ಉಡುಪಿಯ ಇಂದ್ರಾಳಿ ಸ್ಟೇಶನ್ನಿನಿಂದ ಬಸ್ ನಂಬಿ ಕೂರಬೇಡಿ. ಮನೆಯವರಿಗೆ ಹೇಳಿ ಗಾಡಿ ತರಿಸಿಕೊಳ್ಳಿ.

ಬರುವಾಗ

ಈಗ ಬರುವ ದಾರಿಯ ಮಾತು. ಮಂಗಳೂರು ಸೆಂಟ್ರಲ್‌ನಿಂದ ಬೆಳಗ್ಗೆ 8.30ಕ್ಕೆ ಹೊರಡುವ ರೈಲು ಹತ್ತು ಗಂಟೆಯೊಳಗೆ ಉಡುಪಿಗೆ ಬರುತ್ತದೆ. ಮನೆಯಲ್ಲಿ ತಿಂಡಿ ಮಾಡಿ ನಿಧಾನವಾಗಿ ಹೊರಡಬಹುದು. ಮಧ್ಯಾಹ್ನ 1.15ಕ್ಕೆ ಮಡಗಾಂವ್. ಅಲ್ಲಿಂದ 2.40ಕ್ಕೆ ಮುಂಬಯಿ ರೈಲು. ಕಾಯುವುದು ಒಂದೂವರೆ ಗಂಟೆಯೂ ಇಲ್ಲ. ಪೇಟೆಗೆ ಹೋಗುವ ಯೋಚನೆ ಬೇಡ, ಸ್ಟೇಶನ್ನಿನಲ್ಲೇ ಊಟ ಮಾಡಿ. ರಾತ್ರಿ 10.25ಕ್ಕೆ ಸಿಎಸ್‌ಎಂಟಿ. ಠಾಣೆ, ದಾದರ್‌ನಲ್ಲಿ ಅದಕ್ಕೂ ಮೊದಲೇ ಇಳಿಯಬಹುದು. ಆ ಹೊತ್ತಿಗೆ ಲೋಕಲ್‌ಗಳು ಇನ್ನೂ ಓಡುತ್ತಿರುತ್ತವೆ. ಮರುದಿನ ಕೆಲಸಕ್ಕೆ ಹೋಗುವವರಿಗೆ ಇದಕ್ಕಿಂತ ಒಳ್ಳೆಯದು ಯಾವುದಿದೆ?

ಹೋಗುವಾಗ ಕಾರವಾರದ ಕಾಳಿ ನದಿ ಮುಸ್ಸಂಜೆಯಲ್ಲಿ ಸಿಕ್ಕಿದರೂ ಅಲ್ಲಿಂದ ಮುಂದೆ ಎಲ್ಲ ಕತ್ತಲು. ನಮ್ಮ ಉತ್ತರ ಕನ್ನಡ ಹಗಲಲ್ಲಿ ಕಾಣುವುದು ಬರುವಾಗಲೇ. ಹೊನ್ನಾವರದ ಶರಾವತಿ ಸೇತುವೆ ಎರಡು ಕಿ.ಮೀ. ಮೇಲಿದೆ, ಇಡೀ ಕೊಂಕಣ ಹಳಿಯಲ್ಲೇ ಉದ್ದದ್ದು. ಅತ್ತೆ ಚಿಕ್ಕವರಿದ್ದಾಗ ಅಲ್ಲಿ ಬಸ್ಸಿನಿಂದ ಇಳಿದು ಲಾಂಚ್‌ನಲ್ಲಿ ಹೊಳೆ ದಾಟಿ, ಆಚೆ ದಡದಲ್ಲಿ ಇನ್ನೊಂದು ಬಸ್ ಹತ್ತಿದ್ದರಂತೆ. ಈಗ ದಾಟಲು ಒಂದು ನಿಮಿಷದ ಮೇಲೆ ಸ್ವಲ್ಪ. ಅವರು "ಫೋಟೋ ತೆಗಿ, ತೆಗಿ" ಅನ್ನುತ್ತಿದ್ದರು. ನಾನು ಚೀಲದಿಂದ ಫೋನ್ ತೆಗೆಯುವಷ್ಟರಲ್ಲಿ ಹೊಳೆ ಮುಗಿದಿತ್ತು. ನೀವು ಮಂಕಿ ಸ್ಟೇಶನ್ ದಾಟಿದ ಕೂಡಲೇ ಫೋನ್ ಕೈಯಲ್ಲಿ ಹಿಡಿದುಕೊಳ್ಳಿ.