ದೂರದೂರಿನ ಅಗ್ಗದ ವಿಮಾನ ಟಿಕೆಟ್: ಲೆಕ್ಕ ಮನೆ ಬಾಗಿಲಿನಿಂದ ಶುರುವಾಗಲಿ

ಉಡುಪಿಯಲ್ಲಿ ನಮ್ಮ ಪಕ್ಕದ ಮನೆಯವರು ಒಂದು ಸಂಜೆ ಫೋನ್ ಹಿಡಿದುಕೊಂಡೇ ಬಂದರು. ಮಗಳು ಟೊರಾಂಟೊದಲ್ಲಿದ್ದಾಳೆ. ಬಾಣಂತನಕ್ಕೆ ಗಂಡ ಹೆಂಡತಿ ಇಬ್ಬರೂ ಹೊರಡಬೇಕು. ಮಂಗಳೂರಿನಿಂದ ಹುಡುಕಿದರೆ ಹೋಗಿ ಬರಲು ಒಬ್ಬರಿಗೆ 1,28,000 ರೂಪಾಯಿ. ಅದೇ ದಿನಕ್ಕೆ ಮುಂಬೈಯಿಂದ ಹುಡುಕಿದರೆ 1,05,000. ‘ಒಬ್ಬರಿಗೆ 23 ಸಾವಿರ, ಇಬ್ಬರಿಗೆ 46 ಸಾವಿರ ಉಳಿಯುತ್ತದೆ ಅಲ್ವಾ? ಮುಂಬೈಗೆ ಹೋಗುವುದೇನು ಮಹಾ, ಭಾವ ಮುಲುಂಡಿನಲ್ಲೇ ಇದ್ದಾರೆ’ ಅಂದರು. ಬೆರಳು ಆಗಲೇ ಪರದೆಯ ಹತ್ತಿರ ಹೋಗಿತ್ತು. ನಾನು ಹಳೇ ಕ್ಯಾಲೆಂಡರಿನ ಹಾಳೆಯೊಂದನ್ನು ಕಿತ್ತು ಹಿಂಬದಿ ತಿರುಗಿಸಿದೆ. ಮುಂದಿನ ಅರ್ಧ ಗಂಟೆ ನಾವು ಮಾಡಿದ್ದನ್ನೇ ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ.

ಮೊದಲಿಗೆ, ಈ ವ್ಯತ್ಯಾಸ ಯಾಕೆ? ವಿಮಾನದ ದರ ಬಸ್ಸಿನ ಹಾಗೆ ಕಿಲೋಮೀಟರ್ ಲೆಕ್ಕದಲ್ಲಿ ಇರುವುದಿಲ್ಲ. ಯಾವ ಊರಿನಿಂದ ಯಾವ ಊರಿಗೆ ಎಂಬುದನ್ನು ನೋಡಿ, ಅಲ್ಲಿ ಎಷ್ಟು ಕಂಪನಿಗಳ ಪೈಪೋಟಿ ಇದೆ, ಜನ ಎಷ್ಟು ಕೊಡಲು ತಯಾರಿದ್ದಾರೆ ಎಂದು ನೋಡಿ ದರ ಕಟ್ಟುತ್ತಾರೆ. ಮುಂಬೈಯಲ್ಲಿ ಪೈಪೋಟಿ ಜಾಸ್ತಿ. ಮಂಗಳೂರಿನ ವಿಮಾನ ನಿಲ್ದಾಣ ಇರುವ ನಮ್ಮ ಬಜಪೆಯಿಂದ ಹೊರದೇಶಕ್ಕೆ ಹಾರುವುದು ದುಬೈ, ಅಬುಧಾಬಿಯಂಥ ಕೊಲ್ಲಿ ಊರುಗಳಿಗೆ. ಗುಡ್ಡದ ನೆತ್ತಿ ಸವರಿ ಮಾಡಿದ ರನ್‌ವೇ ಇಲ್ಲಿನದು, ಉದ್ದ 2,450 ಮೀಟರ್. ಅಮೆರಿಕ, ಯುರೋಪಿಗೆ ಹೋಗುವ ದೊಡ್ಡ ವಿಮಾನ ಇಲ್ಲಿಂದ ಇಲ್ಲ. ಅಂದರೆ ಕರಾವಳಿಯವರು ಎಲ್ಲಾದರೂ ಒಂದು ಕಡೆ ಇಳಿದು ಹತ್ತಲೇಬೇಕು. ಅದನ್ನು ಒಂದೇ ಟಿಕೆಟಿನಲ್ಲಿ ಮಾಡುವುದೋ, ಎರಡು ಬೇರೆ ಬೇರೆ ಟಿಕೆಟಿನಲ್ಲೋ ಎಂಬುದಷ್ಟೇ ಪ್ರಶ್ನೆ.

ಹಂತ 1: ನಿಮ್ಮ ಊರಿನ ದರ ಮೊದಲು ಬರೆದಿಡಿ

ಹುಡುಕುವಾಗ ಹೊರಡುವ ಜಾಗಕ್ಕೆ ಮಂಗಳೂರಿನ ಸಂಕೇತ ಐಎಕ್ಸ್‌ಇ ಹಾಕಿ. ‘ಆ ಕಂಪನಿಯ ವಿಮಾನ ಮಂಗಳೂರಿಗೆ ಬರುವುದೇ ಇಲ್ಲವಲ್ಲ’ ಎಂದು ಬಿಟ್ಟುಬಿಡಬೇಡಿ. ಇಂಡಿಗೊ, ಏರ್ ಇಂಡಿಯಾದಂಥ ನಮ್ಮ ಕಂಪನಿಗಳಿಗೆ ಹಲವು ವಿದೇಶಿ ಕಂಪನಿಗಳ ಜೊತೆ ಕೋಡ್‌ಶೇರ್ ಒಪ್ಪಂದ ಇದೆ. ಮಂಗಳೂರಿನಿಂದ ಬೆಂಗಳೂರು, ಮುಂಬೈ ಅಥವಾ ದೆಹಲಿಗೆ ಇವರ ವಿಮಾನ, ಅಲ್ಲಿಂದ ಮುಂದೆ ಅವರದ್ದು, ಎಲ್ಲ ಸೇರಿ ಒಂದೇ ಟಿಕೆಟ್. ಕೆಲವು ಸಲ ಮಂಗಳೂರಿನ ತುಂಡು ಸೇರಿಸಿದರೆ ಏರುವುದು ಎರಡು ಮೂರು ಸಾವಿರ ಮಾತ್ರ. ಹಾಗಿದ್ದರೆ ಮುಂದಿನ ಹಂತಗಳೇ ಬೇಡ, ಸುಮ್ನೆ ತೆಗೆದುಕೊಳ್ಳಿ.

ಒಂದು ಎಚ್ಚರಿಕೆ. ಟಿಕೆಟ್ ಮಾರುವ ಕೆಲವು ಜಾಲತಾಣಗಳು ಎರಡು ಬೇರೆ ಟಿಕೆಟ್‌ಗಳನ್ನು ಹೊಲಿದು ಒಂದೇ ಎಂಬಂತೆ ತೋರಿಸುತ್ತವೆ. ಎಲ್ಲೋ ಮೂಲೆಯಲ್ಲಿ ‘ಸೆಲ್ಫ್ ಟ್ರಾನ್ಸ್‌ಫರ್’ ಎಂದು ಸಣ್ಣಕ್ಷರ ಇರುತ್ತದೆ, ಅಂದರೆ ನಡುವೆ ಬ್ಯಾಗ್ ತೆಗೆದು ಮುಂದಿನ ವಿಮಾನಕ್ಕೆ ಕೊಡುವುದು ನಿಮ್ಮದೇ ಹೊಣೆ. ಪಿಎನ್‌ಆರ್ ಒಂದೇ ಇದೆಯೇ, ಬ್ಯಾಗ್ ಕೊನೆಯ ಊರಿನ ತನಕ ಹೋಗುತ್ತದೆಯೇ ಎಂದು ಕೇಳಿ, ನೋಡಿ, ಆಮೇಲೆ ದುಡ್ಡು ಕಟ್ಟಿ.

ಹಂತ 2: ಯಾವ ಊರುಗಳನ್ನು ಹುಡುಕಬೇಕು

ನಮ್ಮ ಕಡೆಯವರಿಗೆ ನಾಲ್ಕು ಊರು ಸಾಕು. ಬೆಂಗಳೂರು, ಮುಂಬೈ, ಕೊಚ್ಚಿ, ಗೋವಾದ ಮೋಪ. ಬೆಂಗಳೂರಿಗೆ ರಾತ್ರಿ ಬಸ್ಸು ಬೇಕಾದಷ್ಟು. ಆದರೆ ಅದು ಬೆಳಿಗ್ಗೆ ನಿಮ್ಮನ್ನು ಮೆಜೆಸ್ಟಿಕ್‌ನಲ್ಲಿ ಇಳಿಸುತ್ತದೆ, ವಿಮಾನ ನಿಲ್ದಾಣ ಇರುವುದು ದೇವನಹಳ್ಳಿ ಕಡೆ. ಆ ಕೊನೆಯ ತುಂಡಿಗೆ ವಾಯುವಜ್ರ ಬಸ್ಸಿನದೋ ಟ್ಯಾಕ್ಸಿಯದೋ ಖರ್ಚನ್ನು ಸೇರಿಸಿ. ಕೊಚ್ಚಿಗೆ ರೈಲಿನಲ್ಲಿ ಹೋದರೆ ಆಲುವಾ ಅಥವಾ ಅಂಗಮಾಲಿಯಲ್ಲಿ ಇಳಿಯಿರಿ, ಎರ್ನಾಕುಳಂ ತನಕ ಹೋಗಿ ವಾಪಸ್ ಬರುವವರನ್ನು ನೋಡಿದ್ದೇನೆ. ಮೋಪದಲ್ಲಿ ದೂರದ ವಿಮಾನಗಳು ಕಡಿಮೆ, ಆದರೂ ಒಮ್ಮೆ ಕಣ್ಣು ಹಾಯಿಸಿ.

ಹೋಲಿಸುವಾಗ ದಿನಾಂಕ ಅದೇ ಇರಲಿ, ಬ್ಯಾಗಿನ ತೂಕವೂ ಅದೇ ಇರಲಿ. ಬ್ಯಾಗೇ ಇಲ್ಲದ ಅಗ್ಗದ ದರವನ್ನು ಎರಡು ಬ್ಯಾಗಿನ ದರದ ಪಕ್ಕ ಇಟ್ಟು ಖುಷಿಪಡುವುದು ಬೇಡ.

ಹಂತ 3: ಕ್ಯಾಲೆಂಡರಿನ ಹಿಂಬದಿ

ಇಲ್ಲಿಯೇ ಆಟ ಇರುವುದು. ನೆರೆಮನೆಯವರ ಟೊರಾಂಟೊ ಟಿಕೆಟಿನಲ್ಲಿ ಒಬ್ಬರಿಗೆ 23 ಕೆಜಿಯ ಎರಡು ಬ್ಯಾಗ್, ಅಂದರೆ 46 ಕೆಜಿ. ಬಾಣಂತನಕ್ಕೆ ಹೋಗುವವರು ಖಾಲಿ ಹೋಗುತ್ತಾರೆಯೇ? ಕುಚ್ಚಲಕ್ಕಿ, ಹಲಸಿನ ಹಪ್ಪಳ, ಮಿಡಿ ಉಪ್ಪಿನಕಾಯಿ, ಬಾಣಂತಿ ಲೇಹ್ಯ, ಮಗುವಿಗೆ ಹಳೇ ಸೀರೆಯ ಮೆತ್ತನೆ ಬಟ್ಟೆ. (ಒಣ ಕೊಬ್ಬರಿಯನ್ನು ಮಾತ್ರ ಮನೆಯಲ್ಲೇ ಬಿಡಿ. ಎಣ್ಣೆ ಅಂಶ ಜಾಸ್ತಿ, ಬೆಂಕಿಯ ಭಯ ಎಂದು ವಿಮಾನದಲ್ಲಿ ತಡೆಯುತ್ತಾರೆ.)

ಈಗ ಮಂಗಳೂರಿನಿಂದ ಮುಂಬೈಗೆ ಬೇರೆ ಟಿಕೆಟ್ ಕೊಂಡರೆ ಅದು ದೇಶದೊಳಗಿನ ಟಿಕೆಟ್. ಅದರಲ್ಲಿ ಸಾಮಾನ್ಯವಾಗಿ 15 ಕೆಜಿ ಮಾತ್ರ. 46ರಲ್ಲಿ 15 ಕಳೆದರೆ 31 ಕೆಜಿ ಹೆಚ್ಚುವರಿ. ಇಬ್ಬರಿಗೆ 62 ಕೆಜಿ. ಕೆಜಿಗೆ 500 ರೂಪಾಯಿ ಎಂದೇ ಇಟ್ಟುಕೊಂಡರೂ 31,000. ಅದೂ ಹೋಗುವಾಗ ಮಾತ್ರ! ಟಿಕೆಟ್ ಒಂದು ಕಡೆಗೆ 5,500ರ ಹಾಗೆ ಇಬ್ಬರಿಗೆ ಹೋಗಿ ಬರಲು 22,000. ಒಟ್ಟು 53,000. ಉಳಿಯುತ್ತದೆ ಎಂದುಕೊಂಡಿದ್ದು 46,000. ಅಂದರೆ ‘ಅಗ್ಗದ’ ಟಿಕೆಟಿಗೆ ಏಳು ಸಾವಿರ ಕೈಯಿಂದ ಹೋಯಿತು. ನೆರೆಮನೆಯವರು ಆ ಸಂಖ್ಯೆಯನ್ನು ಎರಡು ಸಲ ಕೂಡಿಸಿ ನೋಡಿದರು.

ಹಾಗೆಂದು ಮುಂಬೈಯನ್ನು ಹೊಡೆದು ಹಾಕಬೇಡಿ. ಅದೇ ಹಾಳೆಯ ಇನ್ನೊಂದು ಬದಿಯಲ್ಲಿ ರೈಲಿನ ಲೆಕ್ಕ ಬರೆದೆವು. ಮತ್ಸ್ಯಗಂಧ ಮಂಗಳೂರು ಸೆಂಟ್ರಲ್‌ನಿಂದ ಮಧ್ಯಾಹ್ನ ಹೊರಟು, ಉಡುಪಿಯ ಇಂದ್ರಾಳಿಯಲ್ಲಿ ಹತ್ತಿಸಿಕೊಂಡು, ಮರುದಿನ ಬೆಳಿಗ್ಗೆ ಕುರ್ಲಾದ ಲೋಕಮಾನ್ಯ ತಿಲಕ್ ಟರ್ಮಿನಸ್ ಸೇರುತ್ತದೆ. ಸೆಕೆಂಡ್ ಏಸಿಯಲ್ಲಿ ಒಬ್ಬರಿಗೆ 50 ಕೆಜಿ ಲಗೇಜ್ ಉಚಿತ. 46 ಕೆಜಿ ಆರಾಮಾಗಿ ಹಿಡಿಯುತ್ತದೆ. ಟಿಕೆಟ್ 2,200ರ ಹಾಗೆ ನಾಲ್ಕಕ್ಕೆ 8,800. ಟ್ಯಾಕ್ಸಿಗೆ 2,000, ದಾರಿಯ ಊಟ ತಿಂಡಿಗೆ 1,200. ಉಳಿಯಲು ಭಾವನ ಮನೆ ಇದೆ, ಬರಿಗೈಯಲ್ಲಿ ಹೋಗಲಾಗುವುದಿಲ್ಲ, ಅದಕ್ಕೊಂದು 1,000. ಒಟ್ಟು 13,000. ಉಳಿತಾಯ 33,000!

ವಿಮಾನ ಅದೇ, ಮುಂಬೈಯೂ ಅದೇ. ಅಲ್ಲಿಗೆ ಹೋಗುವ ದಾರಿ ಬದಲಾದ್ದಕ್ಕೆ ನಷ್ಟ ಲಾಭವಾಯಿತು. ಇಲ್ಲಿ ಹಾಕಿದ ದರಗಳು ಆ ಸಂಜೆಯ ಅಂದಾಜು. ನಿಮ್ಮ ದಿನದ ದರ ಹಾಕಿ ನೀವೇ ಕೂಡಿಸಿಕೊಳ್ಳಿ. ಮುಂಬೈಯಲ್ಲಿ ಭಾವ ಇಲ್ಲದವರು ಹೋಟೆಲ್ ಕೋಣೆಯನ್ನೂ ಸೇರಿಸಿ, ಆದರೆ ಮುಂಬೈಯಲ್ಲಿ ನೆಂಟರೇ ಇಲ್ಲದ ಮನೆ ಉಡುಪಿಯಲ್ಲಿ ಸಿಗುವುದು ಕಷ್ಟ.

ಹಂತ 4: ತಪ್ಪಿದರೆ ಯಾರ ತಲೆಗೆ?

ಒಂದೇ ಟಿಕೆಟಿನಲ್ಲಿ ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ, ಮುಂದಿನ ವಿಮಾನಕ್ಕೆ ಹತ್ತಿಸುವುದು ಕಂಪನಿಯ ಜವಾಬ್ದಾರಿ. ಎರಡು ಟಿಕೆಟ್ ಆದರೆ ಆ ಮಾತೇ ಇಲ್ಲ. ಎರಡನೇ ಕಂಪನಿಯ ಲೆಕ್ಕದಲ್ಲಿ ನೀವು ಬರಲೇ ಇಲ್ಲ. ಅಷ್ಟೇ ಅಲ್ಲ, ಹೋಗುವ ತುಂಡು ತಪ್ಪಿದರೆ ಅದೇ ಟಿಕೆಟಿನ ವಾಪಸ್ ತುಂಡನ್ನೂ ಸಾಮಾನ್ಯವಾಗಿ ರದ್ದು ಮಾಡಿಬಿಡುತ್ತಾರೆ.

ನನಗೆ ಇದು ಪುಸ್ತಕದಲ್ಲಿ ಓದಿ ಗೊತ್ತಾದದ್ದಲ್ಲ. ಒಂದು ಜುಲೈಯಲ್ಲಿ ಮುಂಬೈಯಿಂದ ರಾತ್ರಿ ಒಂದೂವರೆಗೆ ಹೊರಡುವ ಅಗ್ಗದ ಟಿಕೆಟ್ ಮಾಡಿಸಿದ್ದೆ. ಬಜಪೆಯಿಂದ ಬೇರೆ ಟಿಕೆಟಿನಲ್ಲಿ ಸಂಜೆ ಆರೂವರೆಗೆ ಮುಂಬೈ ಮುಟ್ಟುವ ಯೋಜನೆ. ಏಳು ಗಂಟೆ ಸಮಯ, ಇನ್ನೆಂಥ ಬೇಕು! ಮುಂಬೈ ಮೇಲೆ ಮಳೆ. ವಿಮಾನ ಸುತ್ತಿತು, ಸುತ್ತಿತು, ಕೊನೆಗೆ ಅಹಮದಾಬಾದಿಗೆ ಹೋಗಿ ಕೂತಿತು. ಮುಂಬೈಯಲ್ಲಿ ಇಳಿದಾಗ ಹನ್ನೊಂದೂ ಮುಕ್ಕಾಲು. ಬ್ಯಾಗಿನ ಬೆಲ್ಟ್ ತಿರುಗುತ್ತಲೇ ಇತ್ತು, ಒಂದೇ ಒಂದು ಒಡೆದ ತರ್ಮಾಕೋಲ್ ಡಬ್ಬಿ ನಾಲ್ಕು ಸಲ ನನ್ನ ಮುಂದೆ ಹಾದುಹೋಯಿತು, ನನ್ನ ಬ್ಯಾಗ್ ಬರಲಿಲ್ಲ. ಬಂದಾಗ ಹನ್ನೆರಡೂ ಕಾಲು. ಇಳಿದದ್ದು ಸಾಂತಾಕ್ರೂಜ್ ಕಡೆಯ ಒಂದನೇ ಟರ್ಮಿನಲ್, ಹೋಗಬೇಕಾದದ್ದು ಸಹಾರಿನ ಎರಡನೆಯದು. ನಡುವೆ ರಸ್ತೆಯಲ್ಲಿ ಸುತ್ತಿಕೊಂಡು ಹೋಗಬೇಕು. ಕೌಂಟರಿಗೆ ಓಡಿದಾಗ ಹುಡುಗಿ ಬೋರ್ಡಿನ ದೀಪ ಆರಿಸುತ್ತಿದ್ದಳು. ಹೊರದೇಶದ ವಿಮಾನಗಳ ಕೌಂಟರ್ ಸಾಮಾನ್ಯವಾಗಿ ಒಂದು ಗಂಟೆ ಮೊದಲೇ ಮುಚ್ಚುತ್ತದೆ. ‘ನಿಮ್ಮ ಇನ್ನೊಂದು ಟಿಕೆಟ್ ನಮಗೆ ಸಂಬಂಧ ಇಲ್ಲ ಸರ್.’ ಅವಳು ಹೇಳಿದ್ದು ಸರಿಯೇ. ಹೊಸ ಟಿಕೆಟಿಗೆ ಕೊಟ್ಟ ದುಡ್ಡು ಇವತ್ತಿಗೂ ಹೊಟ್ಟೆ ಉರಿಸುತ್ತದೆ. ಇಂಥದ್ದು ನಿಮಗೆ ಆದರೆ, ತಪ್ಪಿದ ಟಿಕೆಟಿನ ತೆರಿಗೆ ಮತ್ತು ವಿಮಾನ ನಿಲ್ದಾಣದ ಶುಲ್ಕವನ್ನಾದರೂ ವಾಪಸ್ ಕೇಳಿ. ಕೇಳದಿದ್ದರೆ ಕೊಡುವುದಿಲ್ಲ.

ಅಲ್ಲಿಂದ ನನ್ನ ನಿಯಮ ಒಂದೇ. ಎರಡು ಟಿಕೆಟ್ ಆದರೆ ಹಿಂದಿನ ದಿನವೇ ಹೋಗಿ ಮಲಗುವುದು. ಮಳೆಗಾಲದಲ್ಲಿ ಇನ್ನೂ ಒಂದು ದಿನ ಮೊದಲು. ಬಸ್ಸೋ ಕಾರೋ ಆದರೆ ಶಿರಾಡಿ ಘಾಟಿಯ ಗುಡ್ಡವನ್ನು ನಂಬಲಾಗುವುದಿಲ್ಲ. 2024ರ ಜುಲೈ ಕೊನೆಯಲ್ಲಿ ಎಡಕುಮೇರಿ ಬಳಿ ಹಳಿಯ ಕೆಳಗಿನ ಮಣ್ಣೇ ಜಾರಿ, ಮಂಗಳೂರು–ಬೆಂಗಳೂರು ರೈಲುಗಳು ದಿನಗಟ್ಟಲೆ ನಿಂತಿದ್ದು ನೆನಪಿರಬಹುದು. ಕೊಂಕಣ ರೈಲಿಗೂ ಮಳೆಗಾಲದ ಬೇರೆ ವೇಳಾಪಟ್ಟಿ ಇದೆ, ವೇಗ ಕಡಿಮೆ. ಚಳಿಗಾಲದಲ್ಲಿ ದೆಹಲಿಯಿಂದ ಹೊರಡುವವರಿಗೆ ಮಂಜಿನ ಕಾಟ.

ಹಂತ 5: ಹೊರದೇಶದಿಂದಲೇ ಶುರುವಾಗುವ ಟಿಕೆಟ್

ಕೊಲಂಬೊದಿಂದ ಹೊರಟರೆ ಅಗ್ಗ, ದುಬೈಯಿಂದ ಹೊರಟರೆ ಅಗ್ಗ ಎಂದು ಹೇಳುವವರಿದ್ದಾರೆ. ಸುಳ್ಳಲ್ಲ. ಆದರೆ ಅಲ್ಲಿಗೆ ನೀವು ಮೊದಲು ಮುಟ್ಟಬೇಕು. ಬೇರೆ ಟಿಕೆಟಿನಲ್ಲಿ ದುಬೈಗೆ ಹೋದರೆ ಬ್ಯಾಗ್ ತೆಗೆದುಕೊಳ್ಳಲು ಹೊರಗೆ ಬರಬೇಕು, ಹೊರಗೆ ಬರಲು ವೀಸಾ ಬೇಕು. ವೀಸಾ ಇಲ್ಲದಿದ್ದರೆ ಬಜಪೆಯ ಕೌಂಟರಿನಲ್ಲೇ ನಿಲ್ಲಿಸುತ್ತಾರೆ. ಶ್ರೀಲಂಕಾಕ್ಕೂ ಮೊದಲೇ ಆನ್‌ಲೈನ್ ಅನುಮತಿ ಮಾಡಿಸಿಕೊಳ್ಳುವುದು ಒಳ್ಳೆಯದು. ಟಿಕೆಟ್ ದುಡ್ಡು ವಿದೇಶಿ ಕರೆನ್ಸಿಯಲ್ಲಿ ಹೋದರೆ ಕಾರ್ಡಿನವರು ಹೆಚ್ಚಾಗಿ ನೂರಕ್ಕೆ ಎರಡರಿಂದ ಮೂರೂವರೆ ರೂಪಾಯಿ ಮೇಲಿನಿಂದ ಕೀಳುತ್ತಾರೆ. ಲಕ್ಷದ ಟಿಕೆಟಿಗೆ ಅದು ಸಣ್ಣ ಮೊತ್ತವಲ್ಲ.

ಇನ್ನು ಕೆಲವರ ಬುದ್ಧಿ ಇನ್ನೂ ಮುಂದೆ ಓಡುತ್ತದೆ. ‘ಕೊಲಂಬೊ–ಮುಂಬೈ–ಲಂಡನ್ ಟಿಕೆಟ್ ತೆಗೆದು ಮುಂಬೈಯಲ್ಲೇ ಹತ್ತಿದರೆ ಆಯಿತಲ್ಲ?’ ಆಗುವುದಿಲ್ಲ ಮಾರಾಯ್ರೆ. ಮೊದಲ ತುಂಡು ಹತ್ತದಿದ್ದರೆ ಉಳಿದ ಎಲ್ಲ ತುಂಡೂ ರದ್ದು. ನನ್ನ ಮಟ್ಟಿಗೆ, ಎಕಾನಮಿ ಸೀಟಿಗೆ ಇಷ್ಟು ಸರ್ಕಸ್ ಬೇಡ. ಬಿಸಿನೆಸ್ ಕ್ಲಾಸಿನವರಿಗೆ ವ್ಯತ್ಯಾಸ ಲಕ್ಷದ ಲೆಕ್ಕದಲ್ಲಿ ಇರಬಹುದು, ಅವರು ಬೇಕಾದರೆ ಮಾಡಿಕೊಳ್ಳಲಿ.

ಹಂತ 6: ಹೋಗುವ ಊರು, ಬರುವ ಊರು ಒಂದೇ ಆಗಬೇಕಿಲ್ಲ

ಮತ್ತೆ ನೆರೆಮನೆಯ ಹಾಳೆಗೆ ಬರೋಣ. ರೈಲಿನ ಲೆಕ್ಕ ನೋಡಿ ಗಂಡನಿಗೆ ಖುಷಿಯಾಯಿತು. ಅಷ್ಟರಲ್ಲಿ ಹೆಂಡತಿ ಚಹಾ ತಂದವರು ಕೇಳಿದರು: ‘ಇಂದ್ರಾಳಿಯಲ್ಲಿ ರೈಲು ನಿಲ್ಲುವುದೇ ಸ್ವಲ್ಪ ಹೊತ್ತು. 23 ಕೆಜಿಯ ನಾಲ್ಕು ಬ್ಯಾಗ್ ಹತ್ತಿಸುವವರು ಯಾರು? ನನ್ನ ಮಂಡಿಯೋ, ನಿಮ್ಮ ಸೊಂಟವೋ?’ 33 ಸಾವಿರದ ಉಳಿತಾಯ ಅಲ್ಲೇ ನಿಂತಿತು.

ಆಗ ಹೊಳೆದದ್ದು ‘ಮಲ್ಟಿ ಸಿಟಿ’ ಗುಂಡಿ. ಹೋಗುವುದು ಮಂಗಳೂರಿನಿಂದ ಟೊರಾಂಟೊಗೆ, ಬರುವುದು ಟೊರಾಂಟೊದಿಂದ ಮುಂಬೈಗೆ. ಇಂಥ ಟಿಕೆಟಿನ ದರ ಹೆಚ್ಚಾಗಿ ಎರಡೂ ದರಗಳ ನಡುವೆ ಬೀಳುತ್ತದೆ. ಇವರಿಗೆ 1,17,000 ಬಂತು. ಇಬ್ಬರಿಗೆ 22,000 ಕಡಿಮೆ. ಭಾರ ಇರುವುದು ಹೋಗುವಾಗ. ಬ್ಯಾಗನ್ನು ಬಜಪೆಯಲ್ಲಿ ಕೊಟ್ಟರೆ ಟೊರಾಂಟೊದಲ್ಲೇ ಕೈಗೆ ಸಿಗುತ್ತದೆ. ಬರುವಾಗಲಾದರೆ ಒಂದೇ ಟಿಕೆಟ್ ಇದ್ದರೂ ಕಸ್ಟಮ್ಸ್‌ಗಾಗಿ ಭಾರತದಲ್ಲಿ ಮೊದಲು ಇಳಿದ ಊರಿನಲ್ಲೇ ಬ್ಯಾಗ್ ತೆಗೆದುಕೊಳ್ಳುವುದು ಸಾಮಾನ್ಯ. ಹೇಗೂ ಎಳೆಯಬೇಕಾದ ಬ್ಯಾಗ್, ಅದೂ ಅಕ್ಕಿ ಉಪ್ಪಿನಕಾಯಿ ಖಾಲಿಯಾಗಿ ನಾಲ್ಕಿದ್ದದ್ದು ಎರಡಾಗಿರುತ್ತದೆ. ತಡವಾದರೂ ಚಿಂತೆಯಿಲ್ಲ, ಹಿಡಿಯಬೇಕಾದ ವಿಮಾನ ಇಲ್ಲ. ಭಾವನ ಮನೆಯಲ್ಲಿ ಎರಡು ದಿನ ನಿದ್ದೆ ಮಾಡಿ ಮತ್ಸ್ಯಗಂಧ ಹತ್ತಿದರೆ ಆಯಿತು.

ಟಿಕೆಟ್ ಆಯಿತು. ಉಡುಪಿಯಿಂದ ಬಜಪೆಗೆ ಮುಲ್ಕಿ, ಕಿನ್ನಿಗೋಳಿ ದಾರಿಯಲ್ಲಿ ಕಾರು ಹೇಳಿದ್ದಾರೆ, ನಡುವೆ ಕಟೀಲಿನಲ್ಲಿ ಇಳಿದು ಕೈಮುಗಿಯಲು ಅರ್ಧ ಗಂಟೆ ಸೇರಿಸಿಕೊಂಡು. ನಿನ್ನೆ ನಮ್ಮ ಮನೆಗೆ ಬಂದದ್ದು ತೂಕದ ಯಂತ್ರ ಕೇಳಲು. ಹಪ್ಪಳದ ಕಟ್ಟು ಒಂದೂವರೆ ಕೆಜಿ ಜಾಸ್ತಿ ಆಗುತ್ತಿದೆಯಂತೆ.