ಇಂಪ್ಲಾಂಟ್ ಬದಲಿಸುವ ಮುನ್ನ ಖರ್ಚು ಲೆಕ್ಕ ಹಾಕುವುದು ಹೀಗೆ

ಸ್ತನದ ಇಂಪ್ಲಾಂಟ್ ಜೀವನಪೂರ್ತಿ ಬಾಳುವ ವಸ್ತು ಅಲ್ಲ. ಹಾಗಂತ ಹತ್ತು ವರ್ಷ ಆಯ್ತು ಅಂತ ಸುಮ್ನೆ ಬದಲಿಸಬೇಕಾಗಿಯೂ ಇಲ್ಲ. ನನ್ನದು ಸ್ಕ್ಯಾನ್‌ನಲ್ಲಿ ಒಡೆದದ್ದು ಕಂಡಿತು, ಹಾಗಾಗಿ ಬದಲಿಸಿದೆ.

ಮೊದಲು ಹಳೆಯ ಇಂಪ್ಲಾಂಟ್ ಕಾರ್ಡ್ ಹುಡುಕಿ. ಅಂಗೈ ಅಗಲದ ಆ ಕಾರ್ಡ್‌ನಲ್ಲಿ ಕಂಪನಿ, ಅಳತೆ, ಸೀರಿಯಲ್ ನಂಬರ್ ಇರುತ್ತವೆ. ವಾರಂಟಿ ಕೇಳಲು ಇದೇ ಆಧಾರ. ಒಡೆದಿದ್ದರೆ ಹಲವು ಕಂಪನಿಗಳು ಹೊಸ ಇಂಪ್ಲಾಂಟ್ ಉಚಿತವಾಗಿ ಕೊಡುತ್ತವೆ. ಆದರೆ ಆಪರೇಷನ್ ಖರ್ಚಿಗೆ ನೆರವು ಸಾಮಾನ್ಯವಾಗಿ ಇಂತಿಷ್ಟು ವರ್ಷದವರೆಗೆ ಮಾತ್ರ. ಅಳತೆ ಬೇಡ ಅನ್ನಿಸಿ ಬದಲಿಸಿದರೆ ಏನೂ ಸಿಗದು.

ಆಮೇಲೆ ಬಿಲ್ಲನ್ನು ಬಿಡಿಸಿ ಬರೆಸಿಕೊಳ್ಳಿ: ಸರ್ಜನ್, ಅರಿವಳಿಕೆ, ಆಪರೇಷನ್ ಥಿಯೇಟರ್, ಇಂಪ್ಲಾಂಟ್, ಸ್ಕ್ಯಾನ್, ಸರ್ಜಿಕಲ್ ಬ್ರಾ. ಜಾಸ್ತಿ ಏರುಪೇರಾಗುವುದು ಕ್ಯಾಪ್ಸೂಲ್ ವಿಷಯದಲ್ಲಿ. ಇಂಪ್ಲಾಂಟ್ ಸುತ್ತ ದೇಹವೇ ಕಟ್ಟಿಕೊಂಡ ಆ ಪೊರೆ ಗಟ್ಟಿಯಾಗಿದ್ದರೆ ಬಿಡಿಸಿ ತೆಗೆಯಬೇಕಾಗಬಹುದು. ಆಗ ಥಿಯೇಟರ್ ಸಮಯ ಹೆಚ್ಚುತ್ತದೆ, ಅರಿವಳಿಕೆ ಖರ್ಚೂ ಹೆಚ್ಚುತ್ತದೆ. ಪೊರೆಯನ್ನು ಲ್ಯಾಬ್‌ಗೆ ಕಳಿಸಿದರೆ ಅದು ಬೇರೆ ಬಿಲ್ಲು. ನಾನು ಕೇಳಿದ ಪ್ರಶ್ನೆ: "ಒಳಗೆ ನೋಡಿದ ಮೇಲೆ ಪ್ಲಾನ್ ಬದಲಾದರೆ ಎಷ್ಟಾಗುತ್ತೆ?" ಉತ್ತರ ಬರವಣಿಗೆಯಲ್ಲೇ ಪಡೆಯಿರಿ.

ಅಂದಕ್ಕೆ ಹಾಕಿಸಿದ್ದಾದರೆ ವಿಮೆ ಸಿಗುವುದು ಅಪರೂಪ. ಕ್ಯಾನ್ಸರ್ ನಂತರದ ಪುನರ್ನಿರ್ಮಾಣವಾದರೆ ಖಂಡಿತ ಕೇಳಿ ನೋಡಿ. ಹಾಗೇ, ಹೊಸದು ಹಾಕಿಸದೆ ಬರೀ ತೆಗೆಸುವುದಕ್ಕೆ ಎಷ್ಟು ಅಂತಲೂ ಕೇಳಿ.